ಮೌಗ್ಲಿಯ ಊರು ಯಾವುದು?

ಡಲ್ಲಾಸಿನ ಉತ್ತರಕ್ಕಿರುವ ಪ್ರಾಸ್ಪರ್ ಪಟ್ಟಣದ ಕನ್ನಡ ಮನೆಗಳಲ್ಲಿ ಸಿನಿಮಾ ಮತ್ತು ಗೇಮ್‌ಗಳ ಬಗ್ಗೆ ಅಭಿಪ್ರಾಯಗಳಿಗೆ ಬರವಿಲ್ಲ. ಪಕ್ಕದ ಫ್ರಿಸ್ಕೊದಲ್ಲಿ ವಿಡಿಯೋ ಗೇಮ್‌ಗಳಿಗೆಂದೇ ಒಂದು ರಾಷ್ಟ್ರೀಯ ವಸ್ತುಸಂಗ್ರಹಾಲಯವಿದೆ. ‘ಬಾರ್ಡರ್‌ಲ್ಯಾಂಡ್ಸ್’ ಗೇಮನ್ನು ರೂಪಿಸಿದ ಗೇರ್‌ಬಾಕ್ಸ್ ಸಂಸ್ಥೆಯ ನೆಲೆಯೂ ಅದೇ ಊರು. 2024ರಲ್ಲಿ ಆ ಗೇಮ್ ಸಿನಿಮಾ ಆಗಿ ನೆಲಕಚ್ಚಿದ್ದು ಇಲ್ಲಿಯವರ ಮಟ್ಟಿಗೆ ಊರಿನ ಸುದ್ದಿಯೇ. ಗೇಮಿನಲ್ಲಿ ಆಟಗಾರನೇ ಎಡವುತ್ತಾನೆ, ಸಾಯುತ್ತಾನೆ, ಮತ್ತೆ ಎದ್ದು ದಾರಿ ಹುಡುಕುತ್ತಾನೆ. ಸಿನಿಮಾ ಆ ಸ್ವಾತಂತ್ರ್ಯವನ್ನು ಕಸಿದುಕೊಂಡು ವೇಷಭೂಷಣವನ್ನಷ್ಟೇ ಉಳಿಸುತ್ತದೆ ಎಂಬುದು ಪ್ರಾಸ್ಪರಿನ ಪ್ರೇಕ್ಷಕನ ದೂರು. ಡಿಸ್ನಿಯ ಲೈವ್-ಆ್ಯಕ್ಷನ್ ರಿಮೇಕ್‌ಗಳ ಬಗ್ಗೆಯೂ ಅವನದು ಇಂಥದೇ ಮಾತು. 2019ರ ‘ದಿ ಲಯನ್ ಕಿಂಗ್’ನ ಸಿಂಹ ಥೇಟ್ ಸಿಂಹದಂತೆಯೇ ಕಂಡಿತು, ಆದರೆ ತಂದೆಯನ್ನು ಕಳೆದುಕೊಂಡ ಮರಿಯ ದುಃಖ ಆ ಮುಖದಲ್ಲಿ ಕಾಣಲಿಲ್ಲ.

ಈ ದೂರಿನಲ್ಲಿ ಹುರುಳಿದೆ. ಆದರೆ ಇದರ ಬೆನ್ನಿಗೇ ಇನ್ನೊಂದು ದೂರು ನುಸುಳುತ್ತದೆ. 2023ರ ‘ದಿ ಲಿಟಲ್ ಮರ್ಮೇಡ್’ನಲ್ಲಿ ಕಪ್ಪು ನಟಿ ಹ್ಯಾಲಿ ಬೈಲಿ ಮತ್ಸ್ಯಕನ್ಯೆಯಾದಾಗ ಎದ್ದ ಗದ್ದಲದಲ್ಲಿ ‘ಮೂಲಕ್ಕೆ ಅಪಚಾರವಾಯಿತು’ ಎಂದವರು ಬಹಳ. ಯಾವ ಮೂಲ? 1837ರಲ್ಲಿ ಆ್ಯಂಡರ್ಸನ್ ಬರೆದ ಕಥೆಯಲ್ಲಿ ರಾಜಕುಮಾರ ಬೇರೊಬ್ಬಳನ್ನು ಮದುವೆಯಾಗುತ್ತಾನೆ, ಮತ್ಸ್ಯಕನ್ಯೆ ಕಡಲ ನೊರೆಯಾಗಿ ಕರಗುತ್ತಾಳೆ. ಡಿಸ್ನಿ 1989ರಲ್ಲೇ ಅದನ್ನು ಮದುವೆಯ ಊಟವಾಗಿ ಬದಲಿಸಿತ್ತು. ಆಗ ಯಾರಿಗೂ ಆಗದ ಅಪಚಾರ ಚರ್ಮದ ಬಣ್ಣ ಬದಲಾದಾಗ ಮಾತ್ರ ಆಗುವುದಾದರೆ, ಅದು ಕಥೆಯ ಮೇಲಿನ ನಿಷ್ಠೆಯಲ್ಲ. ವ್ಯಾಸರ ಭಾರತದ ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ ಪಂಪನನ್ನು ಆದಿಕವಿ ಎಂದು ಕರೆದ ನಾಡಿನವರಿಗಂತೂ ಮರುಕಥನವೆಂದರೆ ಅಪಚಾರವೆಂದು ಹೇಳುವ ಬಾಯಿ ಇರಬಾರದು.

ಹಾಗಾದರೆ ಮರುನಿರ್ಮಾಣವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು? ನಿಜದಂತೆ ಕಾಣುತ್ತದೆಯೇ, ಮೂಲದಂತೆ ಇದೆಯೇ ಎಂಬ ಎರಡು ಪ್ರಶ್ನೆಗಳಷ್ಟೇ ಸಾಲವು. ಯಾರ ನೆಲ ಮತ್ತು ಯಾರ ದುಡಿಮೆ ಆ ಚಿತ್ರವನ್ನು ಸಾಧ್ಯವಾಗಿಸಿತು, ಅವರ ಪೈಕಿ ಯಾರು ತೆರೆಯಲ್ಲಿ ಉಳಿದರು ಎಂಬುದು ಕೇಳಲೇಬೇಕಾದ ಮೂರನೆಯ ಪ್ರಶ್ನೆ. ಅದಕ್ಕೆ ಕನ್ನಡನಾಡಿನಲ್ಲೇ ಒಂದು ನಿದರ್ಶನವಿದೆ.

ಇಂದಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಮಾವುತನೊಬ್ಬನ ಮಗನಾಗಿ ಹುಟ್ಟಿದವನು ಸಾಬು. ತಂದೆ ತೀರಿಕೊಂಡ ಮೇಲೆ ಮೈಸೂರು ಮಹಾರಾಜರ ಆನೆಲಾಯದ ಆಶ್ರಯದಲ್ಲಿದ್ದ ಹುಡುಗ, ರಾಬರ್ಟ್ ಫ್ಲಾಹರ್ಟಿಯವರ ಚಿತ್ರತಂಡದ ಕಣ್ಣಿಗೆ ಬಿದ್ದ. ಕಿಪ್ಲಿಂಗನ ಕಥೆಯನ್ನು ಆಧರಿಸಿದ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡಾಗ ಮೈಸೂರಿನ ಕಾಡು, ಆನೆ ಮತ್ತು ಆನೆಯ ಹುಡುಗ ಜಗತ್ತಿಗೆ ಪರಿಚಯವಾದರು. 1942ರಲ್ಲಿ ‘ಜಂಗಲ್ ಬುಕ್’ನ ಮೌಗ್ಲಿಯಾದವನೂ ಇದೇ ಸಾಬು. ಡಿಸ್ನಿಯ ಅನಿಮೇಷನ್ ಬಂದದ್ದು 1967ರಲ್ಲಿ. ಅಂದರೆ, ರೇಖಾಚಿತ್ರದ ಮೌಗ್ಲಿಗಿಂತ ಇಪ್ಪತ್ತೈದು ವರ್ಷ ಮೊದಲೇ ರಕ್ತಮಾಂಸದ ಮೌಗ್ಲಿಯಿದ್ದ. ಅವನು ಕಬಿನಿ ತೀರದವನಾಗಿದ್ದ. ಮುಂದೆ 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಾಂಬರ್ ವಿಮಾನದಲ್ಲಿ ಬಂದೂಕುಗಾರನಾಗಿ ಹೋರಾಡಿದ ಸಾಬು, 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 39ನೆಯ ವಯಸ್ಸಿಗೇ ಹೃದಯಾಘಾತದಿಂದ ತೀರಿಕೊಂಡ. ಅಷ್ಟೂ ವರ್ಷ ಹಾಲಿವುಡ್ ಅವನಿಗೆ ಕೊಟ್ಟದ್ದು ಬಹುಪಾಲು ಕಾಡಿನ, ಪೂರ್ವದೇಶದ ಹುಡುಗನ ಪಾತ್ರಗಳನ್ನೇ.

1940ರ ‘ದಿ ಥೀಫ್ ಆಫ್ ಬಾಗ್ದಾದ್’ನಲ್ಲಿ ಸಾಬು ಅಬು ಎಂಬ ಚತುರ ಕಳ್ಳ, ಅಲ್ಲಿನ ದುಷ್ಟ ಮಂತ್ರಿಯ ಹೆಸರು ಜಾಫರ್. 1992ರಲ್ಲಿ ಡಿಸ್ನಿ ‘ಅಲ್ಲಾದ್ದೀನ್’ ಮಾಡಿದಾಗ ಈ ಎರಡೂ ಹೆಸರುಗಳನ್ನು ತೆಗೆದುಕೊಂಡಿತು. ಜಾಫರ್ ಮಂತ್ರಿಯಾಗಿಯೇ ಉಳಿದ. ಅಬು ಕೋತಿಯಾದ. 2019ರ ಲೈವ್-ಆ್ಯಕ್ಷನ್ ರಿಮೇಕ್‌ನಲ್ಲೂ ಅಬು ಕೋತಿಯೇ. ಮಾವುತನ ಮಗನೊಬ್ಬ ಜೀವ ತುಂಬಿದ ಹೆಸರು ಹೀಗೆ ಪ್ರಾಣಿಯ ಕೊರಳಿಗೆ ಬಿದ್ದದ್ದನ್ನು ‘ಮೂಲಕ್ಕೆ ಅಪಚಾರ’ ಎಂದು ಕರೆದ ದನಿ ಗದ್ದಲವಾಗಿ ಎಲ್ಲೂ ಕೇಳಲಿಲ್ಲ.

ಇನ್ನು 2016ರ ‘ದಿ ಜಂಗಲ್ ಬುಕ್’. ಹೆಸರಿಗೆ ಲೈವ್-ಆ್ಯಕ್ಷನ್, ಚಿತ್ರೀಕರಣ ನಡೆದದ್ದು ಲಾಸ್ ಏಂಜಲೀಸ್ ನಗರದ ಸ್ಟುಡಿಯೋದೊಳಗೆ. ತೆರೆಯ ಮೇಲಿನ ಮರ, ಮಳೆ, ಹುಲಿ ಎಲ್ಲವೂ ಕಂಪ್ಯೂಟರಿನ ಸೃಷ್ಟಿ. ಆ ಸೃಷ್ಟಿಯಲ್ಲಿ ಎಂಪಿಸಿ ಸಂಸ್ಥೆಯ ಬೆಂಗಳೂರು ಶಾಖೆಯ ಕಲಾವಿದರ ದುಡಿಮೆಯೂ ಸೇರಿತ್ತು. ಭಾರತದ ಕಾಡಿನ ಕಥೆಗೆ ಭಾರತದ ಕಾಡು ಬೇಕಾಗಲಿಲ್ಲ. ಆ ಕಾಡನ್ನು ಪಿಕ್ಸೆಲ್ ಪಿಕ್ಸೆಲ್ ಆಗಿ ಬೆಳೆಸುವ ಕೈಗಳು ಮಾತ್ರ ಬೇಕಾದವು. ಚಿತ್ರಕ್ಕೆ ವಿಷುಯಲ್ ಎಫೆಕ್ಟ್ಸ್‌ನ ಆಸ್ಕರ್ ಬಂತು. ಭಾರತದಲ್ಲಿ ಅದು ಹಿಂದಿ, ತಮಿಳು, ತೆಲುಗಿನಲ್ಲಿ ಮಾತಾಡಿತು, ಕನ್ನಡದಲ್ಲಿ ಮಾತಾಡಲಿಲ್ಲ. ಅದಕ್ಕೆ ಡಿಸ್ನಿಯೊಂದನ್ನೇ ದೂರಿ ಫಲವಿಲ್ಲ. ಡಬ್ಬಿಂಗ್ ಬಂದರೆ ಕನ್ನಡದ ಕಲಾವಿದರು, ತಂತ್ರಜ್ಞರು ಕೆಲಸ ಕಳೆದುಕೊಳ್ಳುತ್ತಾರೆಂದು ದಶಕಗಳ ಕಾಲ ಬಾಗಿಲು ಹಾಕಿದ್ದು ಕನ್ನಡ ಚಿತ್ರೋದ್ಯಮವೇ. 2015ರಲ್ಲಿ ಸ್ಪರ್ಧಾ ಆಯೋಗ ಆ ನಿರ್ಬಂಧದ ವಿರುದ್ಧ ತೀರ್ಪು ಕೊಟ್ಟಿದ್ದರೂ ಬಾಗಿಲು ತೆರೆಯಲು ಸಮಯ ಹಿಡಿಯಿತು. ದುಡಿಯುವವರ ರಕ್ಷಣೆಯ ಆ ಕಾಳಜಿ ಪ್ರಾಮಾಣಿಕವೇ ಇದ್ದಿರಬಹುದು. ಆದರೆ ಅದರ ಬೆಲೆ ತೆತ್ತವರು ಹುಲಿ ಕನ್ನಡದಲ್ಲಿ ಗರ್ಜಿಸುವುದನ್ನು ಕೇಳದೆ ಬೆಳೆದ ಮಕ್ಕಳು. 2025ರ ಫೆಬ್ರುವರಿಯಲ್ಲಿ ಎಂಪಿಸಿಯ ಮಾತೃಸಂಸ್ಥೆ ಟೆಕ್ನಿಕಲರ್ ಕುಸಿದುಬಿದ್ದಾಗ ಬೆಂಗಳೂರಿನ ಆ ಕಲಾವಿದರೂ ಬೀದಿಗೆ ಬಿದ್ದರು. ಅವರ ಪರವಾಗಿ ಯಾವ ಅಭಿಮಾನಿ ಸಂಘವೂ ಬೀದಿಗಿಳಿಯಲಿಲ್ಲ.

ಪ್ರಾಸ್ಪರಿನ ಪ್ರೇಕ್ಷಕನಿಗೆ ಈ ಪಾಡು ಅಪರಿಚಿತವೇನಲ್ಲ. ತಾನು ಬರೆದ ಕೋಡ್ ಯಾರದೋ ಹೆಸರಿನಲ್ಲಿ ಮಾರುಕಟ್ಟೆಗೆ ಹೋಗುವುದು, ಕೆಲಸ ಹೋದರೆ ವೀಸಾದ ಅರವತ್ತು ದಿನಗಳ ಗಡುವು ತಲೆಯ ಮೇಲೆ ತೂಗುವುದು ಅವನ ನೆರೆಹೊರೆಯ ನಿತ್ಯದ ಮಾತು. ಹೀಗಿದ್ದೂ ಚಿತ್ರ ಮುಗಿದು ಹೆಸರುಗಳ ಸಾಲು ಏರತೊಡಗಿದೊಡನೆ ಅವನು ಎದ್ದು ಕಾರಿನ ಕೀಲಿ ಹುಡುಕುತ್ತಾನೆ.

ಬೇರೆ ದಾರಿಯೂ ಇತ್ತೆಂಬುದಕ್ಕೆ ಸಾಕ್ಷಿ ಅದೇ ಕಾಡಿನಲ್ಲಿದೆ. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಸಿ.ಆರ್. ಸಿಂಹ ತೆರೆಗೆ ತಂದಾಗ ಕಥೆಯ ನಡುವೆ ನಿಂತವರು ಕಾಡುಕುರುಬರು. ಕಾಡು ಅವರ ಮನೆಯಾಗಿತ್ತು, ಯಾರದೋ ಸಾಹಸದ ಹಿನ್ನೆಲೆಯಾಗಿರಲಿಲ್ಲ. ಆ ಕಾಡಿನ ಒಂದು ಭಾಗ ಇಂದು ಕಬಿನಿ ಜಲಾಶಯದ ಅಡಿಯಲ್ಲಿದೆ. ಅದನ್ನು ಯಾವ ಸ್ಟುಡಿಯೋ ಕೂಡ ಮರುನಿರ್ಮಿಸಲಾರದು. ಆದರೆ ಮುಂದಿನ ಸಲ ಪ್ರಾಸ್ಪರಿನ ಮಗುವೊಂದು ಮೌಗ್ಲಿಯ ಊರು ಯಾವುದೆಂದು ಕೇಳಿದರೆ, ಮನೆಯ ಹಿರಿಯರು ಕಾರಾಪುರದ ಹೆಸರನ್ನೂ ಹೇಳಬಹುದು. ಹೆಸರುಗಳ ಸಾಲು ಮುಗಿಯುವವರೆಗೆ ಮಗುವಿನ ಜೊತೆ ಕೂತು ಅದನ್ನು ಓದಬಹುದು.