ಕಳುಹಿಸುವ ಗುಂಡಿಗೊಂದು ಕಾವಲು: ಆ್ಯಡ್-ಇನ್ ಮಾಡಿಸುವ ಮುನ್ನ ಕೇಳಬೇಕಾದ ಮಾತು

ಮಾಗಡಿ ರಸ್ತೆ, ಹೊಸಹಳ್ಳಿ, ಕಾಮಾಕ್ಷಿಪಾಳ್ಯ, ರಾಜಾಜಿನಗರದ ಸಣ್ಣ ಕೈಗಾರಿಕಾ ಘಟಕಗಳಲ್ಲಿ ದರಪಟ್ಟಿ, ಖರೀದಿ ಆದೇಶ, ಡ್ರಾಯಿಂಗ್, ಇನ್‌ವಾಯ್ಸ್‌ಗಳು ಇ-ಮೇಲ್ ಮೂಲಕವೇ ಓಡಾಡುವ ಕಾಲ ಬಂದು ಬಹಳ ವರ್ಷಗಳಾದವು. ಪರಸ್ಪರ ಸ್ಪರ್ಧಿಗಳಾದ ಎರಡು ಕಂಪನಿಗಳಿಗೆ ಒಂದೇ ಘಟಕವು ಬಿಡಿಭಾಗ ಮಾಡಿಕೊಡುವುದೂ ಉಂಟು. ವಿಳಾಸದ ಮೊದಲೆರಡು ಅಕ್ಷರ ಒತ್ತಿದೊಡನೆ ಗಣಕವೇ ಪೂರ್ತಿಗೊಳಿಸಿದ ಹೆಸರನ್ನು ಆತುರದಲ್ಲಿ ಒಪ್ಪಿಕೊಂಡು, ಒಬ್ಬ ಗ್ರಾಹಕನ ಡ್ರಾಯಿಂಗನ್ನು ಮತ್ತೊಬ್ಬನಿಗೆ ರವಾನಿಸಿದರೆ ಹತ್ತಾರು ವರ್ಷಗಳ ವಿಶ್ವಾಸ ಅರೆಗಳಿಗೆಯಲ್ಲಿ ಕರಗುತ್ತದೆ. ಇಂತಹ ಪ್ರಮಾದವನ್ನು ತಡೆಯಲು ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ಗೆ ‘ಆ್ಯಡ್-ಇನ್’ ಎಂಬ ಪೂರಕ ತಂತ್ರಾಂಶವನ್ನು ಬರೆಸಿಕೊಳ್ಳುವ ಉದ್ದಿಮೆದಾರರಿದ್ದಾರೆ. ಅವರು ಬೆಲೆಯ ಬಗ್ಗೆ ಚೌಕಾಸಿ ಮಾಡುತ್ತಾರೆ, ಪರದೆಯ ಬಣ್ಣದ ಬಗ್ಗೆಯೂ ಚರ್ಚಿಸುತ್ತಾರೆ. ಆದರೆ ಆ ತಂತ್ರಾಂಶವು ಯಾವ ಕ್ಷಣದಲ್ಲಿ ಎಚ್ಚರಗೊಳ್ಳುತ್ತದೆ, ಎಚ್ಚರಗೊಳ್ಳದಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಕೇಳುವುದಿಲ್ಲ. ಇಡೀ ಖರೀದಿಯ ತಿರುಳು ಇರುವುದು ಅಲ್ಲಿಯೇ.

ತಂತ್ರಾಂಶ ರಚಿಸುವವರ ಭಾಷೆಯಲ್ಲಿ ಆ ಕ್ಷಣಕ್ಕೆ ‘ಈವೆಂಟ್’ ಎಂದು ಹೆಸರು. ಹೊಸ ಪತ್ರ ಬಂದದ್ದು ಒಂದು ಈವೆಂಟ್. ಪತ್ರ ತೆರೆದದ್ದು ಇನ್ನೊಂದು. ಕಳುಹಿಸುವ ಗುಂಡಿ ಒತ್ತಿದ್ದು ಮತ್ತೊಂದು. ಯಂತ್ರಶಾಲೆಯವರಿಗೆ ಇದು ಹೊಸ ಸಂಗತಿಯಲ್ಲ. ಪವರ್ ಪ್ರೆಸ್ಸಿನ ಗಾರ್ಡ್ ತೆರೆದಾಗ ಲಿಮಿಟ್ ಸ್ವಿಚ್ ಅದನ್ನು ಅರಿತು ಯಂತ್ರವನ್ನು ನಿಲ್ಲಿಸುವಂತೆಯೇ, ಇ-ಮೇಲ್ ತಂತ್ರಾಂಶವು ಈವೆಂಟನ್ನು ಸಾರುತ್ತದೆ, ಆ್ಯಡ್-ಇನ್ ಅದನ್ನು ಕೇಳಿಸಿಕೊಂಡು ತನ್ನ ಕೆಲಸ ಮಾಡುತ್ತದೆ. ಸ್ವಿಚ್ಚಿನ ತಂತಿ ಕಡಿದಾಗ ಪ್ರೆಸ್ ನಿಲ್ಲಬೇಕೋ, ಓಡುತ್ತಲೇ ಇರಬೇಕೋ ಎಂದು ಕೇಳದೆ ಯಾವ ಮಾಲೀಕನೂ ಯಂತ್ರ ಕೊಳ್ಳುವುದಿಲ್ಲ. ಅದೇ ಮಾಲೀಕನು ಆ್ಯಡ್-ಇನ್ ಕೊಳ್ಳುವಾಗ ಈ ಪ್ರಶ್ನೆಯನ್ನು ಮರೆಯುವುದು ಸೋಜಿಗವೇ ಸರಿ.

ಕಳುಹಿಸುವ ಕ್ಷಣಕ್ಕೆ ಕಾನೂನಿನಲ್ಲಿಯೂ ಮಹತ್ವವಿದೆ. ಮಾಹಿತಿ ತಂತ್ರಜ್ಞಾನ ಕಾಯಿದೆ, 2000ರ 13ನೆಯ ಕಲಮಿನ ಪ್ರಕಾರ, ಉಭಯ ಪಕ್ಷಗಳು ಬೇರೆ ರೀತಿ ಒಪ್ಪಿಕೊಂಡಿರದಿದ್ದಲ್ಲಿ, ವಿದ್ಯುನ್ಮಾನ ದಾಖಲೆಯು ಕಳುಹಿಸುವವನ ಹತೋಟಿಯಾಚೆಗಿನ ಗಣಕ ವ್ಯವಸ್ಥೆಯನ್ನು ಪ್ರವೇಶಿಸಿದಾಗ ಅದು ರವಾನೆಯಾಯಿತೆಂದು ಲೆಕ್ಕ. ಗುಂಡಿ ಒತ್ತಿದ ಮೇಲೆ, ಹತೋಟಿ ತಪ್ಪುವುದಕ್ಕೆ ಮುಂಚೆ ಇರುವ ಆ ಕಿರು ಅವಧಿಯಲ್ಲಿಯೇ ಆ್ಯಡ್-ಇನ್ ತನ್ನ ತಪಾಸಣೆ ಮುಗಿಸಬೇಕು. ಆಮೇಲೆ ಕೈಗೆ ಸಿಗುವುದು ಕಡಿಮೆ. ಔಟ್‌ಲುಕ್‌ನಲ್ಲಿ ಪತ್ರವನ್ನು ಹಿಂದಕ್ಕೆ ಕರೆಯುವ ಸೌಲಭ್ಯವಿದೆಯಾದರೂ ಅದು ಒಂದೇ ಸಂಸ್ಥೆಯೊಳಗಿನ ವಿಳಾಸಗಳಿಗೆ ಸೀಮಿತ. ಹೊರಗಿನ ಗ್ರಾಹಕನ ಅಂಚೆಪೆಟ್ಟಿಗೆಗೆ ಹೋದದ್ದು ಹೋದಂತೆಯೇ.

ಔಟ್‌ಲುಕ್‌ನ ಹಳೆಯ ಮಾದರಿಯ, ಅಂದರೆ ಕಾಮ್ ವರ್ಗದ ಆ್ಯಡ್-ಇನ್‌ಗಳಲ್ಲಿ ಈ ಕ್ಷಣವನ್ನು ಹಿಡಿಯುವ ಈವೆಂಟಿಗೆ ‘ಐಟಂಸೆಂಡ್’ ಎಂದು ಹೆಸರು. ಅದರೊಂದಿಗೆ ‘ಕ್ಯಾನ್ಸಲ್’ ಎಂಬ ಒಂದು ಸೂಚಕ ಬರುತ್ತದೆ. ಆ್ಯಡ್-ಇನ್ ಅದನ್ನು ಎತ್ತಿ ಹಿಡಿದರೆ ಪತ್ರ ನಿಲ್ಲುತ್ತದೆ, ಇಲ್ಲವಾದರೆ ಹೊರಡುತ್ತದೆ. ಹೇಳುವುದಕ್ಕೆ ಸರಳ. ತೊಡಕಿರುವುದು ಆ್ಯಡ್-ಇನ್‌ನ ಮೌನದಲ್ಲಿ. ಡಾಟ್‌ನೆಟ್‌ನಲ್ಲಿ ಬರೆದ ಆ್ಯಡ್-ಇನ್, ತಾನು ಕಿವಿಗೊಟ್ಟಿರುವ ಫೋಲ್ಡರಿನ ವಸ್ತುವನ್ನು ಶಾಶ್ವತವಾದ ಚರಾಂಶದಲ್ಲಿ ಹಿಡಿದಿಟ್ಟುಕೊಳ್ಳದೆ ಹೋದರೆ, ಸ್ಮೃತಿಯನ್ನು ಗುಡಿಸುವ ವ್ಯವಸ್ಥೆಯು ಅದನ್ನು ಕಸವೆಂದು ಎಣಿಸಿ ತೆಗೆದುಹಾಕಬಲ್ಲದು. ಬೆಳಿಗ್ಗೆ ಪ್ರಾತ್ಯಕ್ಷಿಕೆ ತೋರಿಸುವಾಗ ಸೊಗಸಾಗಿ ನಡೆದ ಆ್ಯಡ್-ಇನ್, ಮಧ್ಯಾಹ್ನದ ಊಟದ ಹೊತ್ತಿಗೆ ಕಿವುಡಾಗಿರುತ್ತದೆ. ದೋಷಸೂಚನೆ ಇಲ್ಲ, ಕೆಂಪು ದೀಪ ಇಲ್ಲ. ತಂತ್ರಾಂಶ ಬರೆಯುವವರಿಗೆ ಇದು ಚಿರಪರಿಚಿತ ಗುಂಡಿ; ಆದರೂ ಇದರಲ್ಲಿ ಹೊಸಬರು ಬೀಳುತ್ತಲೇ ಇರುತ್ತಾರೆ.

ಒಳಬರುವ ಪತ್ರಗಳ ಕಥೆ ಇನ್ನೂ ಸೂಕ್ಷ್ಮ. ಫೋಲ್ಡರಿಗೆ ಹೊಸ ಪತ್ರ ಸೇರಿದ್ದನ್ನು ತಿಳಿಸುವ ‘ಐಟಂಆ್ಯಡ್’ ಎಂಬ ಈವೆಂಟು, ಪತ್ರಗಳು ಒಮ್ಮೆಲೇ ದೊಡ್ಡ ಸಂಖ್ಯೆಯಲ್ಲಿ ಬಂದು ಬಿದ್ದಾಗ ಮೊಳಗುವುದೇ ಇಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯ ಕೈಪಿಡಿಯೇ ಹೇಳುತ್ತದೆ. ಆಯುಧಪೂಜೆಯ ರಜೆಗೆ ಬೀಗ ಹಾಕಿದ ಘಟಕವನ್ನು ಊಹಿಸಿಕೊಳ್ಳಬಹುದು. ರಜೆ ಮುಗಿದು ಗಣಕ ತೆರೆದ ಬೆಳಿಗ್ಗೆ ನಾಲ್ಕು ದಿನಗಳ ಪತ್ರಗಳು ಒಟ್ಟಿಗೆ ಇಳಿಯುತ್ತವೆ. ಖರೀದಿ ಆದೇಶಗಳನ್ನು ತಾನಾಗಿಯೇ ರಿಜಿಸ್ಟರಿಗೆ ಏರಿಸಬೇಕಾದ ಆ್ಯಡ್-ಇನ್, ಅತಿ ಹೆಚ್ಚು ಕೆಲಸವಿರುವ ಆ ಗಳಿಗೆಯಲ್ಲಿಯೇ ಸುಮ್ಮನಿರುತ್ತದೆ. ರಿಜಿಸ್ಟರಿನಲ್ಲಿ ಇಲ್ಲದ ಆದೇಶ ಸರದಿಗೆ ಬರುವುದಿಲ್ಲ. ಗ್ರಾಹಕನ ಗಡುವು ಮೀರಿದ ಮೇಲಷ್ಟೇ ಅದು ಬೆಳಕಿಗೆ ಬರುತ್ತದೆ. ಪರಿಹಾರ ಕಷ್ಟದ್ದೇನಲ್ಲ: ಪ್ರತಿ ಸಲ ತೆರೆದಾಗ, ಹಿಂದೆ ದಾಖಲಿಸಿದ ಕೊನೆಯ ಪತ್ರದಿಂದೀಚೆಗೆ ಬಂದದ್ದೆಲ್ಲವನ್ನೂ ಒಮ್ಮೆ ಎಣಿಸಿ ನೋಡುವ ಕ್ರಮವನ್ನು ಬರೆಸಬೇಕು. ಈವೆಂಟನ್ನು ಬಾಗಿಲ ಗಂಟೆಯೆಂದು ಬಗೆಯಬೇಕೇ ಹೊರತು ಹಾಜರಿ ಪುಸ್ತಕವೆಂದಲ್ಲ.

ಹೊಸ ಮಾದರಿಯಲ್ಲಿ ಚಿತ್ರ ಬೇರೆ. ವ್ಯಾಪಾರ ಸಂಸ್ಥೆಗಳ ಬಳಕೆಗೆ 2024ರ ಆಗಸ್ಟ್‌ನಲ್ಲಿ ಪೂರ್ಣವಾಗಿ ಬಿಡುಗಡೆಯಾದ ವಿಂಡೋಸ್‌ನ ಹೊಸ ಔಟ್‌ಲುಕ್ ಕಾಮ್ ಆ್ಯಡ್-ಇನ್‌ಗಳನ್ನು ಸ್ವೀಕರಿಸುವುದೇ ಇಲ್ಲ. ಹಳೆಯ ಔಟ್‌ಲುಕ್‌ಗೆ ಕನಿಷ್ಠ 2029ರವರೆಗೆ ಬೆಂಬಲ ನೀಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿದೆಯಾದರೂ, ಇಂದು ಹಣ ಕೊಟ್ಟು ಕಾಮ್ ಮಾದರಿಯಲ್ಲಿ ಹೊಸದಾಗಿ ಬರೆಸುವುದು ಜಾಣತನವೆನಿಸದು. ಉಚಿತವೆಂಬ ಕಾರಣಕ್ಕೆ ಥಂಡರ್‌ಬರ್ಡ್ ನೆಚ್ಚಿಕೊಂಡವರಿಗೂ ಇಂತಹ ತಿರುವು ಎದುರಾಗಿತ್ತು. 2020ರಲ್ಲಿ ಬಂದ 78ನೆಯ ಆವೃತ್ತಿಯು ಹಳೆಯ ಬಗೆಯ ವಿಸ್ತರಣೆಗಳನ್ನು ಕೈಬಿಟ್ಟಿತು.

ಔಟ್‌ಲುಕ್‌ನ ಹೊಸ ವೆಬ್ ಆ್ಯಡ್-ಇನ್‌ಗಳಲ್ಲಿ ತಾನು ಯಾವ ಈವೆಂಟಿಗೆ ಎಚ್ಚರಗೊಳ್ಳುವೆನೆಂದು ಆ್ಯಡ್-ಇನ್ ತನ್ನ ವಿವರಪತ್ರದಲ್ಲಿಯೇ ಮುಂಚಿತವಾಗಿ ಘೋಷಿಸಬೇಕು. ಕಳುಹಿಸುವ ಕ್ಷಣದ ತಪಾಸಣೆಗೆ ಇಲ್ಲಿ ಮೂರು ಬಗೆಗಳಿವೆ. ಎಚ್ಚರಿಕೆ ನೀಡಿ, ಬೇಕೆಂದರೆ ಹಾಗೆಯೇ ಕಳುಹಿಸಲು ಬಿಡುವುದು ಮೊದಲನೆಯದು. ತಪ್ಪು ತಿದ್ದುವವರೆಗೆ ತಡೆಯುವ, ಆದರೆ ಆ್ಯಡ್-ಇನ್ ಸ್ವತಃ ಲಭ್ಯವಿಲ್ಲದಿದ್ದರೆ ಪತ್ರವನ್ನು ಬಿಟ್ಟುಬಿಡುವ ಮೃದು ತಡೆ ಎರಡನೆಯದು. ಆ್ಯಡ್-ಇನ್ ಇಲ್ಲದಿದ್ದರೆ ಪತ್ರವೂ ಇಲ್ಲವೆನ್ನುವ ಕಟ್ಟುನಿಟ್ಟಿನ ತಡೆ ಮೂರನೆಯದು. ಪ್ರೆಸ್ಸಿನ ಕಡಿದ ತಂತಿಯ ಪ್ರಶ್ನೆಗೆ ಉತ್ತರವಿರುವುದು ಇಲ್ಲಿ. ಇದನ್ನು ತಂತ್ರಾಂಶ ಬರೆಯುವ ಹುಡುಗರ ವಿವೇಚನೆಗೆ ಬಿಡತಕ್ಕದ್ದಲ್ಲ; ಇದು ಮಾಲೀಕನ ತೀರ್ಮಾನ. ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿ ಗ್ರಾಹಕರ ಡ್ರಾಯಿಂಗ್ ಇಟ್ಟುಕೊಂಡ ಘಟಕಕ್ಕೆ ಮೂರನೆಯದೇ ಸೂಕ್ತ, ಒಂದು ದಿನ ಪತ್ರ ತಡವಾದರೂ ಚಿಂತೆಯಿಲ್ಲ. ಟೆಂಡರಿನ ಕೊನೆಯ ಗಂಟೆಯಲ್ಲಿ ದರಪಟ್ಟಿ ಕಳುಹಿಸುವ ವ್ಯಾಪಾರಿಗೆ ಅದೇ ತಡೆ ನಷ್ಟ ತಂದೀತು. ಅವರಿಗೆ ಎರಡನೆಯದು ಸಾಕು.

ಇಷ್ಟಾದರೂ ಒಂದು ಕಿಂಡಿ ಉಳಿಯುತ್ತದೆ. ಕಚೇರಿಯ ಗಣಕದಲ್ಲಿ ಕೂರಿಸಿದ ಕಾಮ್ ಆ್ಯಡ್-ಇನ್ ಮಾಲೀಕರ ಮೊಬೈಲ್ ಫೋನಿನಲ್ಲಿ ಇರುವುದಿಲ್ಲ. ಹೊಸಹಳ್ಳಿ ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಕುಳಿತು, ಅದೇ ಖಾತೆಯಿಂದ ಬೆರಳ ತುದಿಯಲ್ಲಿ ಕಳುಹಿಸಿದ ಡ್ರಾಯಿಂಗಿಗೆ ಯಾವ ಕಾವಲೂ ಇಲ್ಲ. ಬೇರೆ ತಂತ್ರಾಂಶದ ಮೂಲಕ ಕಳುಹಿಸಿದ ಪತ್ರದ ಗತಿಯೂ ಇದೇ. ತಪ್ಪಲೇಬಾರದ ನಿರ್ಬಂಧವಿದ್ದರೆ ಅದನ್ನು ಮೇಲ್ ಸರ್ವರಿನ ಮಟ್ಟದಲ್ಲಿ ಹಾಕಿಸಬೇಕು, ಆ್ಯಡ್-ಇನ್ ನೆರವಿಗಿರಲಿ.

1949ರಲ್ಲಿ ಹುಟ್ಟಿದ ಕಾಸಿಯಾ ಸಂಸ್ಥೆಯ ಕಚೇರಿ ಇರುವುದು ಹೊಸಹಳ್ಳಿಗೆ ಹೊಂದಿಕೊಂಡ ವಿಜಯನಗರದಲ್ಲಿಯೇ. ಸಣ್ಣ ಕೈಗಾರಿಕೆಗಳ ಪರವಾಗಿ ದುಡಿಯುವ ಇಂತಹ ಸಂಘಗಳು, ತಂತ್ರಾಂಶ ಖರೀದಿಗೊಂದು ಮಾದರಿ ಒಪ್ಪಂದವನ್ನು ಸಿದ್ಧಪಡಿಸಿಕೊಟ್ಟರೆ ಸದಸ್ಯರಿಗೆ ದೊಡ್ಡ ಉಪಕಾರವಾಗುತ್ತದೆ. ಅದರಲ್ಲಿ ಆ್ಯಡ್-ಇನ್ ಅವಲಂಬಿಸಿರುವ ಪ್ರತಿಯೊಂದು ಈವೆಂಟಿನ ಹೆಸರು ಇರಬೇಕು, ಅದು ಮೊಳಗದ ಸಂದರ್ಭಗಳು ಲಿಖಿತವಾಗಿರಬೇಕು. ಒಪ್ಪಿಸುವ ದಿನ, ಕೆಲಸ ಮಾಡುವ ಆ್ಯಡ್-ಇನ್ ತೋರಿಸಿದರೆ ಸಾಲದು. ಅಂತರಜಾಲದ ತಂತಿ ಕಿತ್ತು, ಐವತ್ತು ಪತ್ರಗಳನ್ನು ಒಮ್ಮೆಲೇ ಇಳಿಸಿ, ಇಡೀ ದಿನ ತೆರೆದಿಟ್ಟು ಸಂಜೆ ಮತ್ತೊಮ್ಮೆ ಗುಂಡಿ ಒತ್ತಿ ತೋರಿಸತಕ್ಕದ್ದೆಂದು ಬರೆದಿರಬೇಕು. ಕೊನೆಯ ಕಂತಿನ ಚೆಕ್ಕಿಗೆ ಸಹಿ ಬೀಳಬೇಕಾದದ್ದು ಆ ಸಂಜೆಯ ಪರೀಕ್ಷೆಯ ನಂತರ.