ಮರುಪ್ರಸಾರದ ದುಡ್ಡಲ್ಲಿ ಬರೆದವರ ಪಾಲೆಲ್ಲಿ?

ದಿನವಹಿ ಧಾರಾವಾಹಿಗೆ ಸಂಭಾಷಣೆ ಬರೆಯುವವರು ನಾಳೆಯ ದೃಶ್ಯವನ್ನು ಇಂದು ರಾತ್ರಿ ಮುಗಿಸಿ ವಾಟ್ಸ್‌ಆ್ಯಪ್‌ನಲ್ಲಿ ಸೆಟ್ಟಿಗೆ ಕಳಿಸುತ್ತಾರೆ. ಕಂತಿಗಿಷ್ಟು ಎಂದು ದುಡ್ಡು ಕೈಸೇರಿದರೆ ಲೆಕ್ಕ ಚುಕ್ತಾ. ಅದೇ ಕಂತು ಮರುಪ್ರಸಾರವಾಗಲಿ, ಒಟಿಟಿಗೆ ಹೋಗಲಿ, ಬೇರೆ ಭಾಷೆಗೆ ಡಬ್ ಆಗಲಿ, ಸಾಮಾನ್ಯವಾಗಿ ಅವರಿಗೆ ಬಿಡಿಗಾಸೂ ಇಲ್ಲ. ಕಾನೂನು ಹಾಗೆ ಹೇಳುವುದಿಲ್ಲ. 2012ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದ ಪ್ರದರ್ಶನ ಬಿಟ್ಟು ಉಳಿದ ಬಳಕೆಯ ರಾಯಧನದಲ್ಲಿ ಬರೆದವರಿಗೆ ಸಮಪಾಲಿದೆ. ಅದನ್ನು ನಿರ್ಮಾಪಕರಿಗೆ ಬರೆದುಕೊಡುವಂತೆಯೂ ಇಲ್ಲ. ಹಾಡು ಬರೆದವರ ಪರವಾಗಿ ಐಪಿಆರ್‌ಎಸ್ ಎಂಬ ಕೃತಿಸ್ವಾಮ್ಯ ಸಂಘ ವಸೂಲಿ ಮಾಡುತ್ತದೆ. ಮಾತು ಬರೆದವರ ಪರವಾಗಿ ಅಷ್ಟು ಗಟ್ಟಿಯಾಗಿ ಕೇಳುವವರಿಲ್ಲ.

ನಷ್ಟವಾದರೆ ಬರಹಗಾರರು ಹೊರುತ್ತಾರೆಯೇ ಎನ್ನುವುದು ನಿರ್ಮಾಪಕರ ತಕರಾರು. ನ್ಯಾಯವಾದ ಪ್ರಶ್ನೆಯೇ. ಆದರೆ ರಾಯಧನ ಹುಟ್ಟುವುದು ಮರುಬಳಕೆಯಾದಾಗ ಮಾತ್ರ. ನೆಲಕಚ್ಚಿದ ಧಾರಾವಾಹಿಗೆ ಯಾರೂ ಏನೂ ಕೊಡಬೇಕಿಲ್ಲ. ‘ಒಪ್ಪಂದಕ್ಕೆ ಸಹಿ ಹಾಕಿದ್ದು ನೀವೇ ಅಲ್ಲವೇ’ ಎಂಬ ಮಾತು ಇನ್ನೂ ಟೊಳ್ಳು. ಸಹಿ ಹಾಕದಿದ್ದರೆ ಮರುದಿನವೇ ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆಂಬ ಭಯ ಇರುವುದರಿಂದಲೇ ಇಂಥ ಕಾನೂನು ಬೇಕಾಯಿತು. ಮರುಬಳಕೆಯ ಪಾಲು ದಶಕಗಳಿಂದ ರೂಢಿಯಲ್ಲಿರುವ ಹಾಲಿವುಡ್‌ನಲ್ಲೂ ಸ್ಟ್ರೀಮಿಂಗ್ ಬಂದು ಅದು ಸೊರಗಿತು. 2023ರಲ್ಲಿ ಬರಹಗಾರರು 148 ದಿನ ಮುಷ್ಕರ ಹೂಡಿದರು. ಅಂಥ ಒಗ್ಗಟ್ಟು ಇಲ್ಲಿ ಸದ್ಯಕ್ಕೆ ದೂರದ ಮಾತು. ವಾಹಿನಿಗಳು ಒಪ್ಪಂದದ ನಮೂನೆಯಲ್ಲೇ ರಾಯಧನದ ಷರತ್ತು ಸೇರಿಸಲಿ, ಒಟಿಟಿಯವರು ವೀಕ್ಷಣೆಯ ಲೆಕ್ಕವನ್ನು ಬರೆದವರಿಗೂ ತೋರಿಸಲಿ.