ನಾವು ಯಾವ ಜಾಲದ ಕೊಂಡಿಗಳು?

ಮನುಷ್ಯನು ಸಂಘಜೀವಿ ಎಂಬ ಮಾತನ್ನು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತಾ ಬಂದಿದ್ದೇವೆ. ಆದರೆ ಸಂಘವೆಂದರೆ ಬರೀ ತಲೆಗಳ ಎಣಿಕೆಯೇ? ಬಸ್ ನಿಲ್ದಾಣದಲ್ಲಿ ನೂರು ಜನರು ನಿಂತಿರಬಹುದು; ಅದನ್ನು ಯಾರೂ ಸಮಾಜವೆಂದು ಕರೆಯುವುದಿಲ್ಲ. ಯಾರು ಯಾರನ್ನು ಬಲ್ಲರು, ಯಾರ ಮಾತನ್ನು ಯಾರು ನಂಬುತ್ತಾರೆ, ಸಂಕಟ ಒದಗಿದಾಗ ಯಾರು ಯಾರ ಬಾಗಿಲು ತಟ್ಟುತ್ತಾರೆ ಎಂಬ ಸಂಬಂಧಗಳು ಕೂಡಿದಾಗ ಮಾತ್ರ ಆ ನೂರು ಜನರು ಒಂದು ಸಮಾಜವಾಗುತ್ತಾರೆ. ಮೀನುಗಾರನ ಬಲೆಯ ನೂಲನ್ನೆಲ್ಲ ಬಿಚ್ಚಿ ರಾಶಿ ಹಾಕಿದರೆ ತೂಕ ಅಷ್ಟೇ ಇರುತ್ತದೆ, ಆದರೆ ಅದರಲ್ಲಿ ಒಂದು ಮೀನೂ ನಿಲ್ಲದು. ಬಲೆಯ ಶಕ್ತಿ ಇರುವುದು ಗಂಟಿನಿಂದ ಗಂಟಿಗೆ ನೂಲು ಹೇಗೆ ಸಾಗಿದೆ ಎಂಬುದರಲ್ಲಿ.

ಈ ವಿಷಯವನ್ನು ವಿದ್ವಾಂಸರು ಗಣಿತದ ಮೂಲಕ ಪರಿಶೀಲಿಸತೊಡಗಿ ಸುಮಾರು ಮೂರು ಶತಮಾನಗಳಾಗುತ್ತಾ ಬಂದಿವೆ. ಯುರೋಪಿನ ಕೋನಿಗ್ಸ್‌ಬರ್ಗ್ ನಗರದಲ್ಲಿ ನದಿಯ ಮೇಲೆ ಏಳು ಸೇತುವೆಗಳಿದ್ದವು. ಯಾವ ಸೇತುವೆಯನ್ನೂ ಎರಡನೆಯ ಸಲ ದಾಟದೆ ಏಳನ್ನೂ ಸುತ್ತಿ ಬರಲು ಸಾಧ್ಯವೇ ಎಂಬುದು ಅಲ್ಲಿನ ಜನರ ಕುತೂಹಲದ ಪ್ರಶ್ನೆಯಾಗಿತ್ತು. 1736ರ ವೇಳೆಗೆ ಗಣಿತಜ್ಞ ಆಯ್ಲರ್ ಅದು ಅಸಾಧ್ಯವೆಂದು ತೋರಿಸಿಕೊಟ್ಟರು. ಸೇತುವೆ ಎಷ್ಟು ಉದ್ದ, ನದಿ ಎಷ್ಟು ಅಗಲ ಎಂಬುದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಯಾವ ದಡವು ಯಾವ ದಡಕ್ಕೆ ಎಷ್ಟು ಕಡೆ ಸೇರಿದೆ ಎಂಬುದಷ್ಟೇ ಉತ್ತರಕ್ಕೆ ಸಾಕಾಯಿತು. ಇಂದು ಅದೇ ದೃಷ್ಟಿಯಿಂದ ಮಿದುಳಿನ ನರಕೋಶಗಳನ್ನೂ ವಿದ್ಯುತ್ ಜಾಲವನ್ನೂ ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳನ್ನೂ ಅಧ್ಯಯನ ಮಾಡಲಾಗುತ್ತಿದೆ. ಆ ಅಧ್ಯಯನಗಳಿಂದ ನಮ್ಮ ಕುಟುಂಬಗಳು ತಿಳಿಯಬೇಕಾದ ಒಂದು ಸತ್ಯವಿದೆ. ಜಾಲವು ತಾನಾಗಿಯೇ ಬೆಳೆಯುತ್ತದೆ, ಆದರೆ ತಾನಾಗಿಯೇ ಒಳಿತಿನ ಕಡೆಗೆ ಬೆಳೆಯುವುದಿಲ್ಲ. ಅದನ್ನು ಒಳಿತಿನ ಕಡೆಗೆ ತಿರುಗಿಸುವ ಹೊಣೆಯು ಅದರ ಒಂದೊಂದು ಕೊಂಡಿಯ ಮೇಲೂ ಇದೆ.

ಮೊದಲು ಸಂಬಂಧಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ನೋಡೋಣ. ನಮಗೆ ಇಬ್ಬರು ಗೆಳೆಯರಿದ್ದರೆ ಇಂದಲ್ಲ ನಾಳೆ ಅವರಿಬ್ಬರೂ ಪರಸ್ಪರ ಪರಿಚಿತರಾಗುತ್ತಾರೆ. ಮದುವೆ ಮನೆಯಲ್ಲಿ, ಮಸೀದಿಯ ಅಂಗಳದಲ್ಲಿ, ಶಾಲೆಯ ಗೇಟಿನ ಬಳಿ ಇದು ದಿನವೂ ನಡೆಯುತ್ತದೆ. ಅದರ ಜೊತೆಗೆ ತನ್ನಂತೆಯೇ ಇರುವವರ ಕಡೆಗೆ ವಾಲುವುದು ಮನುಷ್ಯ ಸ್ವಭಾವ. ಹೀಗೆ ಪ್ರತಿಯೊಂದು ಸಮುದಾಯವೂ ಕಾಲಕ್ರಮೇಣ ತನ್ನೊಳಗೆ ಬಿಗಿಯಾಗಿ ಹೆಣೆದುಕೊಳ್ಳುತ್ತದೆ. ಇದರಲ್ಲಿ ದೊಡ್ಡ ಅನುಗ್ರಹವಿದೆ. ಮನೆಯಲ್ಲಿ ಮರಣ ಸಂಭವಿಸಿದರೆ ಹೇಳಿ ಕಳುಹಿಸುವ ಮುನ್ನವೇ ಜನರು ಬಂದು ಸೇರುತ್ತಾರೆ. ನೆರೆಮನೆಯವರು ಅಡುಗೆ ಮಾಡಿ ತರುತ್ತಾರೆ. ಆದರೆ ಈ ಬಿಗಿತಕ್ಕೆ ಇನ್ನೊಂದು ಮುಖವೂ ಇದೆ. ಎಲ್ಲರೂ ಎಲ್ಲರನ್ನೂ ಬಲ್ಲ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯಗಳು ಒಂದೇ ಆಗಿರುತ್ತವೆ. ಹೊಸ ಸುದ್ದಿ ಹೊರಗಿನಿಂದಲೇ ಬರಬೇಕು.

ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಈ ಕುರಿತು ಒಂದು ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದರು. ಬಾಸ್ಟನ್ ನಗರದ ಬಳಿ ಪರಿಚಿತರ ಮೂಲಕ ಕೆಲಸ ಪಡೆದಿದ್ದವರನ್ನು ಅವರು ವಿಚಾರಿಸಿದ್ದರು. ಕೆಲಸದ ಸುದ್ದಿ ಕೊಟ್ಟ ವ್ಯಕ್ತಿಯನ್ನು ಆಗ ಪದೇ ಪದೇ ಭೇಟಿಯಾಗುತ್ತಿದ್ದೆವು ಎಂದವರು ಸುಮಾರು ಶೇ. 17ರಷ್ಟು ಮಾತ್ರ. ಉಳಿದವರೆಲ್ಲರಿಗೂ ಆ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಅಥವಾ ಬಹು ಅಪರೂಪಕ್ಕೆ ಕಾಣುವ ಪರಿಚಿತರಿಂದ. ಆಪ್ತರಿಗೆ ನಮ್ಮ ಮೇಲೆ ಪ್ರೀತಿ ಹೆಚ್ಚು, ನಿಜ. ಆದರೆ ಅವರು ಬಲ್ಲದ್ದು ನಮಗೂ ಆಗಲೇ ಗೊತ್ತಿರುತ್ತದೆ. ದೂರದ ಪರಿಚಿತನು ಬೇರೊಂದು ಲೋಕಕ್ಕೆ ಸೇತುವೆಯಾಗಿರುತ್ತಾನೆ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಗಮನಿಸಿದ ಅಧ್ಯಯನವೂ ಸ್ವಲ್ಪ ದೂರದ ಪರಿಚಯಗಳೇ ಉದ್ಯೋಗಕ್ಕೆ ಹೆಚ್ಚು ನೆರವಾಗುತ್ತವೆ ಎಂಬ ತೀರ್ಮಾನಕ್ಕೆ ಬಂದಿತು.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡಬೇಕು. ಪಿಯುಸಿ ಮುಗಿಸಿದ ಮಗನೋ ಮಗಳೋ ಮುಂದೇನು ಎಂದು ಕೇಳಿದಾಗ ಉತ್ತರ ಹೇಳುವವರು ಯಾರು? ಚಿಕ್ಕಪ್ಪ, ಸೋದರಮಾವ, ಪಕ್ಕದ ಮನೆಯವರು, ಅದೇ ಬೀದಿಯ ಅಂಗಡಿಯವರು. ಅವರ ಕಾಳಜಿಯಲ್ಲಿ ಕೊರತೆಯಿಲ್ಲ. ಆದರೆ ಅವರೆಲ್ಲರೂ ಕಂಡಿರುವ ದಾರಿಗಳು ಅವೇ ಎರಡೋ ಮೂರೋ. ಪ್ರವೇಶ ಪರೀಕ್ಷೆಯ ಪ್ರಕಟಣೆ, ವಿದ್ಯಾರ್ಥಿವೇತನದ ಅರ್ಜಿ, ಸರಕಾರಿ ನೇಮಕಾತಿಯ ಸುದ್ದಿ ಆ ವಲಯದೊಳಗೆ ಬರುವಷ್ಟರಲ್ಲಿ ಎಷ್ಟೋ ಸಲ ಗಡುವು ಮುಗಿದಿರುತ್ತದೆ. ನಾವು ಬಡತನವನ್ನು ಹಣದ ಕೊರತೆಯೆಂದಷ್ಟೇ ತಿಳಿಯುತ್ತೇವೆ. ಸುದ್ದಿಯ ಕೊರತೆಯೂ ಒಂದು ಬಡತನವೇ. ಜಕಾತ್ ಕೊಟ್ಟು ಹಣದ ಕೊರತೆಯನ್ನು ನೀಗಿಸುವ ನಾವು, ನಮಗೆ ಗೊತ್ತಿರುವ ಒಬ್ಬ ಅಧ್ಯಾಪಕರ ಅಥವಾ ಅಧಿಕಾರಿಯ ಬಳಿಗೆ ಬಡವರ ಮಗುವನ್ನು ಕರೆದೊಯ್ದು ಪರಿಚಯಿಸಲು ಅಷ್ಟೇ ಉತ್ಸಾಹ ತೋರುತ್ತೇವೆಯೇ?

ಸಂಬಂಧಗಳನ್ನು ಉದ್ದೇಶಪೂರ್ವಕವಾಗಿ ಹೆಣೆಯಬಹುದು ಎಂಬುದಕ್ಕೆ ಇತಿಹಾಸದಲ್ಲಿ ಸ್ಪಷ್ಟ ನಿದರ್ಶನವಿದೆ. ಹಿಜ್ರತ್‌ನ ನಂತರ ಮದೀನಾದಲ್ಲಿ ಪ್ರವಾದಿವರ್ಯರು(ಸ) ಕೈಗೊಂಡ ಮೊದಲ ಕಾರ್ಯಗಳಲ್ಲಿ ಮುಹಾಜಿರರು ಮತ್ತು ಅನ್ಸಾರರ ನಡುವೆ ಸಹೋದರತ್ವವನ್ನು ಏರ್ಪಡಿಸಿದ್ದೂ ಒಂದು. ತಾನಾಗಿ ಬಿಟ್ಟಿದ್ದರೆ ಮಕ್ಕಾದಿಂದ ಬಂದವರು ಮಕ್ಕಾದವರೊಂದಿಗೇ ಒಂದು ಕೇರಿ ಮಾಡಿಕೊಂಡು ಉಳಿಯುವ ಸಂಭವವಿತ್ತು. ಅದರ ಬದಲು ಒಬ್ಬೊಬ್ಬ ವಲಸಿಗನನ್ನು ಒಬ್ಬೊಬ್ಬ ಸ್ಥಳೀಯನೊಂದಿಗೆ ಜೋಡಿಸಲಾಯಿತು. ಪರ್ಷಿಯಾದವರಾದ ಸಲ್ಮಾನ್(ರ) ಅವರಿಗೆ ಮದೀನಾದ ಅಬೂದರ್ದಾ(ರ) ಸಹೋದರರಾದರು. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರಿಗೆ ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದಾಗ ಅವರು ಅದನ್ನು ವಿನಯದಿಂದ ನಿರಾಕರಿಸಿ, ಊರಿನ ಮಾರುಕಟ್ಟೆ ಎಲ್ಲಿದೆ ಎಂದು ಕೇಳಿದರು. ಬನೂ ಕೈನುಕಾಅ್ ಮಾರುಕಟ್ಟೆಗೆ ಹೋಗಿ ತುಪ್ಪ ಮತ್ತು ಒಣಗಿಸಿದ ಗಿಣ್ಣಿನ ವ್ಯಾಪಾರದಿಂದ ತಮ್ಮ ಬದುಕನ್ನು ಕಟ್ಟಿಕೊಂಡರು. ಹೊಸ ಊರಿನಲ್ಲಿ ಅವರು ಬಯಸಿದ್ದು ದುಡಿಮೆಯ ದಾರಿಯನ್ನು. ಆ ದಾರಿ ತೋರಲು ಊರು ಬಲ್ಲ ಒಬ್ಬ ಸಹೋದರನಿದ್ದನು.

ಜಾಲಗಳ ಎರಡನೆಯ ಸ್ವಭಾವವೆಂದರೆ ದೊಡ್ಡದರ ಮೇಲೇ ಹೇರಿಕೊಳ್ಳುವುದು. 1999ರಲ್ಲಿ ವಿಜ್ಞಾನಿಗಳಾದ ಬರಬಾಶಿ ಮತ್ತು ಆಲ್ಬರ್ಟ್ ಇದನ್ನು ವಿವರಿಸಿದರು. ಜಾಲಕ್ಕೆ ಹೊಸದಾಗಿ ಸೇರುವವರು ಈಗಾಗಲೇ ಹೆಚ್ಚು ಕೊಂಡಿಗಳನ್ನು ಹೊಂದಿರುವವರನ್ನೇ ಹಿಡಿದುಕೊಳ್ಳಲು ಬಯಸುತ್ತಾರೆ. ಇದ್ದವರಿಗೇ ಇನ್ನಷ್ಟು ಸೇರುತ್ತಾ ಹೋಗಿ, ಕೊನೆಗೆ ಕೆಲವೇ ಗಂಟುಗಳು ಬಹುಪಾಲು ಎಳೆಗಳನ್ನು ಹಿಡಿದು ನಿಲ್ಲುತ್ತವೆ. ಇಂಥ ಜಾಲದಲ್ಲಿ ಅಲ್ಲೊಂದು ಇಲ್ಲೊಂದು ಸಣ್ಣ ಗಂಟು ಕಳಚಿದರೆ ಏನೂ ಆಗದು. ಆ ದೊಡ್ಡ ಗಂಟುಗಳೇ ಕಳಚಿದರೆ ಇಡೀ ಜಾಲ ಚೂರು ಚೂರಾಗುತ್ತದೆ ಎಂದು ಅವರ ಮುಂದಿನ ವರ್ಷದ ಅಧ್ಯಯನ ತೋರಿಸಿತು. ಇಡೀ ಕುಟುಂಬವು ಗಲ್ಫ್‌ನಲ್ಲಿರುವ ಒಬ್ಬ ಮಗನ ಸಂಬಳದ ಮೇಲೆ, ಇಡೀ ಜಮಾಅತ್ ಒಬ್ಬ ದಾನಿಯ ಮೇಲೆ, ಇಡೀ ಮೊಹಲ್ಲಾ ಒಬ್ಬ ಮುಖಂಡನ ಮಾತಿನ ಮೇಲೆ ನಿಂತಿರುವಾಗ ಹೊರನೋಟಕ್ಕೆ ಎಲ್ಲವೂ ಸುಭದ್ರವಾಗಿ ಕಾಣುತ್ತದೆ. ಆ ಒಬ್ಬನಿಗೆ ಕಾಯಿಲೆ ಬಂದ ದಿನ ಜಾಲದ ನಿಜವಾದ ಬಲ ತಿಳಿಯುತ್ತದೆ.

ಹೆಚ್ಚು ಬೆಸೆದುಕೊಂಡಷ್ಟೂ ಒಳಿತೇ ಎಂದು ಕಣ್ಣು ಮುಚ್ಚಿ ಹೇಳುವಂತೆಯೂ ಇಲ್ಲ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ವಿದ್ಯುತ್ ಜಾಲ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಅದರೊಂದಿಗೆ ಕುಸಿದು, 60 ಕೋಟಿಗೂ ಹೆಚ್ಚು ಜನರು ವಾಸಿಸುವ ಪ್ರದೇಶ ಕತ್ತಲಾಯಿತು. ಒಂದೆಡೆಯ ಭಾರವು ಮತ್ತೊಂದೆಡೆಗೆ ಜಾರಿ, ಒಂದರ ಹಿಂದೊಂದು ಮಾರ್ಗಗಳು ಬಿದ್ದುಹೋದವು. ದಕ್ಷಿಣದ ಜಾಲವು ಆಗಿನ್ನೂ ಅವುಗಳೊಂದಿಗೆ ಪೂರ್ಣವಾಗಿ ಬೆಸೆದಿರಲಿಲ್ಲವಾದ್ದರಿಂದ ನಮ್ಮ ಕರ್ನಾಟಕ ಪಾರಾಯಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ ಮಾರ್ಗದ ಮೂಲಕ ದಕ್ಷಿಣವೂ ಬೆಸೆದುಕೊಂಡಿತು. ಅದರಿಂದ ದೂರದ ವಿದ್ಯುತ್ತನ್ನು ಇಲ್ಲಿಗೆ ತರುವುದು ಸುಲಭವಾಯಿತು. ದೂರದ ಆಪತ್ತು ಇಲ್ಲಿಗೂ ತಲುಪಬಹುದಾದ ದಾರಿಯೂ ತೆರೆಯಿತು. ಆದ್ದರಿಂದಲೇ ಅಂಥ ಜಾಲದಲ್ಲಿ ಅಪಾಯ ಕಂಡೊಡನೆ ಹರಿವನ್ನು ತಡೆಯುವ ಕಾವಲು ವ್ಯವಸ್ಥೆಗಳನ್ನು ಅಲ್ಲಲ್ಲಿ ಇಟ್ಟಿರುತ್ತಾರೆ.

ಸೃಷ್ಟಿಯಲ್ಲಿರುವ ಜೀವಜಾಲಗಳು ಈ ಸೂಕ್ಷ್ಮವನ್ನು ಪಾಲಿಸುತ್ತವೆ. ಮಗುವಿನ ಮಿದುಳಿನಲ್ಲಿ ಮೊದಲ ವರ್ಷಗಳಲ್ಲಿ ನರಕೋಶಗಳ ನಡುವೆ ಅಗತ್ಯಕ್ಕಿಂತ ಎಷ್ಟೋ ಹೆಚ್ಚು ಕೊಂಡಿಗಳು ಮೂಡುತ್ತವೆ. ಬಳಕೆಯಾದವು ಗಟ್ಟಿಯಾಗುತ್ತವೆ, ಬಳಕೆಯಾಗದವು ಹದಿಹರೆಯದವರೆಗೂ ಕ್ರಮೇಣ ಕಳಚಿಹೋಗುತ್ತವೆ. ಕೊಳೆತ ಎಲೆ ಮತ್ತು ಮರದ ಮೇಲೆ ಬೆಳೆಯುವ ಫೈಸಾರಮ್ ಎಂಬ ಹಳದಿ ಲೋಳೆಯಂಥ ಜೀವಿಗೆ ಮಿದುಳೇ ಇಲ್ಲ. ಜಪಾನಿನ ಸಂಶೋಧಕರು ಟೋಕಿಯೊ ಸುತ್ತಲಿನ ಪಟ್ಟಣಗಳ ನಕ್ಷೆಯಂತೆ ಓಟ್ಸ್ ಕಾಳುಗಳನ್ನಿಟ್ಟು ಅದನ್ನು ಬೆಳೆಯಬಿಟ್ಟರು. ಮೊದಲು ಅದು ಎಲ್ಲೆಡೆ ಹರಡಿತು. ನಂತರ ವ್ಯರ್ಥವಾದ ಎಳೆಗಳನ್ನು ಹಿಂತೆಗೆದುಕೊಂಡು ಆಹಾರ ಸಾಗಿಸುವ ಎಳೆಗಳನ್ನು ದಪ್ಪಗೊಳಿಸಿತು. ಕೊನೆಗೆ ಉಳಿದ ಜಾಲವು ಅಲ್ಲಿನ ರೈಲು ಮಾರ್ಗಗಳಿಗೆ ಬಹುಮಟ್ಟಿಗೆ ಹೋಲುತ್ತಿತ್ತು ಎಂದು 2010ರಲ್ಲಿ ಅವರು ವರದಿ ಮಾಡಿದರು. ಬೆಳೆಯುವುದರ ಜೊತೆಗೆ ಬೇಡವಾದದ್ದನ್ನು ಬಿಡುವುದನ್ನೂ ಬಲ್ಲ ಜಾಲವೇ ಆರೋಗ್ಯವಂತ ಜಾಲ.

ನಮ್ಮ ಕೈಯಲ್ಲಿರುವ ಮೊಬೈಲಿನ ಜಾಲಕ್ಕೆ ಈ ಬಿಡುವ ಗುಣವಿಲ್ಲ. ಬಂದದ್ದನ್ನೆಲ್ಲ ಅದು ದಾಟಿಸುತ್ತದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ನಡೆದದ್ದನ್ನು ನಾವು ಮರೆಯಬಾರದು. ಹೈದರಾಬಾದಿನಿಂದ ಬಂದಿದ್ದ ಯುವಕರ ತಂಡವೊಂದು ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರ ವದಂತಿ ದೇಶದೆಲ್ಲೆಡೆ ಹಬ್ಬಿದ್ದ ದಿನಗಳವು. ಅವರು ಕಾರಿನಲ್ಲಿ ಅಲ್ಲಿಂದ ಹೊರಟರು. ವಾಟ್ಸಾಪ್ ಸಂದೇಶವು ಅವರ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮವನ್ನು ಮುಟ್ಟಿತು. ಅಲ್ಲಿ ರಸ್ತೆಗೆ ಅಡ್ಡ ನಿಂತ ಜನರು ಅವರನ್ನು ಥಳಿಸಿದರು. ಒಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡರು. ಆ ಸಂದೇಶವನ್ನು ದಾಟಿಸಿದವರಲ್ಲಿ ಹೆಚ್ಚಿನವರು ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆಂದೇ ಭಾವಿಸಿರಬಹುದು.

ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಡಿದ ಸುಮಾರು 1.26 ಲಕ್ಷ ಸುದ್ದಿಸರಣಿಗಳನ್ನು ಪರಿಶೀಲಿಸಿದ ಸಂಶೋಧಕರು, ಸುಳ್ಳು ಸುದ್ದಿಯನ್ನು ಜನರು ಮುಂದೆ ದಾಟಿಸುವ ಸಂಭವ ಸತ್ಯಕ್ಕಿಂತ ಶೇ. 70ರಷ್ಟು ಹೆಚ್ಚು ಎಂದು 2018ರಲ್ಲಿ ತಿಳಿಸಿದರು. 1,500 ಜನರನ್ನು ಮುಟ್ಟಲು ಸತ್ಯಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಸಮಯ ಬೇಕಾಯಿತು. ಇದು ಯಂತ್ರಗಳ ಕೈವಾಡವಲ್ಲ, ಮನುಷ್ಯರದ್ದೇ ಎಂದೂ ಅವರು ಕಂಡುಕೊಂಡರು. 2018ರಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗಷ್ಟೇ ಸಂದೇಶ ಕಳುಹಿಸುವ ಮಿತಿ ತಂದಿತು. 2020ರಲ್ಲಿ, ಅತಿ ಹೆಚ್ಚು ಸಲ ದಾಟಿ ಬಂದ ಸಂದೇಶವನ್ನು ಒಂದು ಕಡೆಗೆ ಮಾತ್ರ ಕಳುಹಿಸುವಂತೆ ಮಾಡಿದ ಮೇಲೆ ಅಂಥ ಸಂದೇಶಗಳು ಶೇ. 70ರಷ್ಟು ಇಳಿದವೆಂದು ಕಂಪನಿಯೇ ಹೇಳಿತು. ಒಂದು ಸಣ್ಣ ತಡೆ ಇಷ್ಟು ಮಾಡುವುದಾದರೆ ನಮ್ಮ ಮನಸ್ಸಾಕ್ಷಿಯ ತಡೆ ಎಷ್ಟು ಮಾಡಬಹುದು!

ಸುದ್ದಿಯ ಜಾಲವನ್ನು ಶುದ್ಧವಾಗಿಡುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ಹದೀಸ್ ವಿದ್ವಾಂಸರು ಒಂದು ಮಾತು ಬಂದಾಗ ಅದರ ಸನದನ್ನು, ಅಂದರೆ ಯಾರಿಂದ ಯಾರಿಗೆ ಬಂತು ಎಂಬ ಸರಪಳಿಯನ್ನು ಕೇಳುತ್ತಿದ್ದರು. ಪ್ರತಿಯೊಬ್ಬ ವರದಿಗಾರನ ನಡತೆ, ನೆನಪಿನ ಶಕ್ತಿ, ಪ್ರವಾಸ, ಗುರುಗಳು ಎಲ್ಲವನ್ನೂ ಶೋಧಿಸುವ ಪ್ರತ್ಯೇಕ ಶಾಸ್ತ್ರವೇ ಬೆಳೆಯಿತು. ಹಿಜರಿ 256ರಲ್ಲಿ ನಿಧನರಾದ ಇಮಾಮ್ ಬುಖಾರಿ(ರ) ಅವರು ಇಬ್ಬರು ಸಮಕಾಲೀನರಾಗಿದ್ದರು ಎಂಬಷ್ಟಕ್ಕೆ ತೃಪ್ತರಾಗದೆ, ಅವರು ನಿಜವಾಗಿ ಭೇಟಿಯಾಗಿದ್ದರೆಂಬುದಕ್ಕೆ ಆಧಾರ ಬಯಸುತ್ತಿದ್ದರು. ನಡುವಿನ ಕೊಂಡಿಯನ್ನು ಮರೆಮಾಚಿದವನ ವರದಿಯನ್ನು ಸಂಶಯದಿಂದ ಕಾಣಲಾಗುತ್ತಿತ್ತು. ಬಹು ಜನರು ಹೇಳಿದ್ದಾರೆ ಎಂಬುದಕ್ಕೂ ಅವರಲ್ಲಿ ಕಟ್ಟುನಿಟ್ಟಿನ ಅರ್ಥವಿತ್ತು: ಸರಪಳಿಯ ಒಂದೊಂದು ಹಂತದಲ್ಲೂ, ಕೂಡಿ ಸುಳ್ಳು ಹೆಣೆಯುವುದು ಅಸಾಧ್ಯವೆನಿಸುವಷ್ಟು ಜನರಿರಬೇಕು, ಆಗ ಮಾತ್ರ ಅದು ಮುತವಾತಿರ್. ಈ ಅಳತೆಯಿಂದ ನೋಡಿದರೆ ಹತ್ತು ಗುಂಪುಗಳಿಂದ ನಮಗೆ ಬಂದ ಒಂದೇ ಸಂದೇಶ ಹತ್ತು ಸಾಕ್ಷಿಗಳಾಗುವುದಿಲ್ಲ. ಮೂಲದಲ್ಲಿ ಒಬ್ಬನೇ ಇದ್ದರೆ, ಅವನೂ ಅನಾಮಿಕನಾಗಿದ್ದರೆ, ಸಾವಿರ ಸಲ ದಾಟಿ ಬಂದರೂ ಅದರ ತೂಕ ಶೂನ್ಯವೇ.

ನಾನೊಬ್ಬ ಕಳುಹಿಸದಿದ್ದರೆ ಏನಾದೀತು, ಬೇರೆ ನೂರು ಜನ ಕಳುಹಿಸುತ್ತಾರಲ್ಲ ಎಂದು ಕೆಲವರು ವಾದಿಸುತ್ತಾರೆ. ಆದರೆ ನಮ್ಮ ವಯಸ್ಸಾದ ತಾಯಿಗೆ, ನಮ್ಮ ಮಾತನ್ನು ನಂಬುವ ತಮ್ಮನಿಗೆ, ನಮ್ಮ ವಿದ್ಯಾರ್ಥಿಗೆ ಆ ನೂರು ಜನರು ಅಪರಿಚಿತರು. ಅವರು ನಂಬುವುದು ನಮ್ಮ ಹೆಸರನ್ನು ನೋಡಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಇಂದು ಹೆಬ್ಬೆರಳಿನ ಒಂದು ಒತ್ತಿಗೂ ಸಲ್ಲುತ್ತದೆ.

ಆದ್ದರಿಂದ ಮನೆಯ ಹಿರಿಯರು ಒಂದು ಸಂಜೆ ಮಕ್ಕಳೊಂದಿಗೆ ಕುಳಿತು ತಮ್ಮ ಜಾಲವನ್ನು ಎಣಿಸಿ ನೋಡಲಿ. ನಮ್ಮ ಬೀದಿಯಾಚೆ, ನಮ್ಮ ಸಮುದಾಯದಾಚೆ ನಮಗೆ ಎಷ್ಟು ಪರಿಚಯಗಳಿವೆ? ವರ್ಷದಿಂದ ಮಾತನಾಡದ ಬಂಧುಗಳು ಯಾರು? ಎಲ್ಲ ಭಾರವನ್ನೂ ಯಾವ ಒಬ್ಬನ ಹೆಗಲ ಮೇಲೆ ಹೇರಿದ್ದೇವೆ? ಯಾವ ಗುಂಪಿನಿಂದ ನಮಗೆ ದ್ವೇಷವಲ್ಲದೆ ಬೇರೇನೂ ಬರುತ್ತಿಲ್ಲ? ಮೊದಲನೆಯದಕ್ಕೆ ಒಂದು ಭೇಟಿ, ಎರಡನೆಯದಕ್ಕೆ ಒಂದು ಸಲಾಮ್, ಮೂರನೆಯದಕ್ಕೆ ಹಂಚಿಕೊಂಡ ಹೊಣೆ, ನಾಲ್ಕನೆಯದಕ್ಕೆ ಹೊರಬರುವ ಧೈರ್ಯ ಸಾಕು. ಸಮಾಜವೆಂಬ ಈ ದೊಡ್ಡ ಬಲೆಯ ಎಲ್ಲ ಗಂಟುಗಳೂ ನಮ್ಮ ಕೈಯಲ್ಲಿಲ್ಲ. ನಮ್ಮ ಪಾಲಿಗೆ ಬಂದ ಒಂದು ಗಂಟನ್ನು ಗಟ್ಟಿಯಾಗಿ, ಪ್ರಾಮಾಣಿಕವಾಗಿ ಹಿಡಿದು ನಿಲ್ಲುವ ಸಾಮರ್ಥ್ಯ ನಮಗೆಲ್ಲರಿಗೂ ದೊರೆಯಲಿ.